ಅಕ್ಕ ಹೊಸೆದ ಅರ್ಜಿ

ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ. ನಾನು ಮಾಡಿದ ತಪ್ಪು ಇಷ್ಟೇ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ಬರೆಯುವುದೆಲ್ಲ ಅಕ್ಕನ ಮೇಲೆ ಹೇಳಿದ ಚಾಡಿಯ ಹಾಗೆ ಕಾಣುತ್ತದೆ.

ಪಂಚಾಯ್ತಿ ಸಭೆಯಲ್ಲಿ ನಮ್ಮಕ್ಕ ಮೇಜಿನ ಮೇಲೆ ಒಂದು ಹುರಿ ಇಟ್ಟಳು. ನೇಕಾರರ ಬೀದಿಯ ಪ್ರತಿ ಮಗ್ಗದಿಂದ ಒಂದೊಂದು ಕುಚ್ಚು ರೇಷ್ಮೆ ಎಳೆ ತಂದು ಹೊಸೆದ ಹುರಿ. ನಮ್ಮ ಬೀದಿಗೆ ಸಮುದಾಯ ಭವನ ಬೇಕು ಎಂಬುದಕ್ಕೆ ಅದೇ ಅವಳ ಅರ್ಜಿ, ಅವೇ ಸಹಿಗಳು. ಯಾವ ಎಳೆ ಯಾವ ಮನೆಯದು ಎಂದು ನೋಡಿ ಹೇಳಬಲ್ಲವರು ಆ ಕೋಣೆಯಲ್ಲಿ ಇಬ್ಬರೇ ಇದ್ದೆವು. ಒಬ್ಬಳು ಅವಳು. ಇನ್ನೊಬ್ಬ ಅವಳ ತಮ್ಮನಾದ ನಾನು, ಅದೇ ಪಂಚಾಯ್ತಿಯ ನೀರುಗಂಟಿ. ಅವಳ ಮಾತನ್ನು ಅವರು ನಂಬಲಿಲ್ಲ. ನನ್ನನ್ನು ಕೇಳಿದರು.

ಊರಿನ ಹೆಸರು ಬರೆಯುವುದಿಲ್ಲ. ಮೊಳಕಾಲ್ಮುರು ಸೀಮೆಯದು, ಚಳ್ಳಕೆರೆ ಬಸ್ಸು ನಿಲ್ಲುವ ಊರು ಎಂದರೆ ಸಾಕು. ಅಕ್ಕನ ಹೆಸರನ್ನೂ ಬರೆಯುವುದಿಲ್ಲ. ಬದುಕಿದ್ದಿದ್ದರೆ "ನನ್ನ ಹೆಸ್ರು ತಗಂಡು ನೀನೇನು ಮಾಡ್ತೀಯಾ, ನಿನ್ನ ಹೆಸ್ರು ಕೆಟ್ಟಿದ್ದು ಸಾಲ್ದಾ?" ಎನ್ನುತ್ತಿದ್ದಳು.

ಅವಳು ತೀರಿಕೊಂಡು ಆರು ತಿಂಗಳಾಯಿತು. ಶಾಂತ ಸ್ವಭಾವದವಳು, ಎಲ್ಲರಿಗೂ ಬೇಕಾದವಳು ಎಂದು ಬರೆದರೆ ನಮ್ಮ ಬೀದಿಯ ನಾಯಿಯೂ ನಂಬುವುದಿಲ್ಲ. ಅವಳು ಜಗಳಗಂಟಿ. ನಮ್ಮ ಮನೆಮಾತು ತೆಲುಗು. ಸಮಾಧಾನದಲ್ಲಿದ್ದಾಗ ಅಕ್ಕ ತೆಲುಗಿನಲ್ಲೇ ಮಾತಾಡುತ್ತಿದ್ದಳು. ಬಯ್ಯುವಾಗ ಮಾತ್ರ ಕನ್ನಡಕ್ಕೆ ಬರುತ್ತಿದ್ದಳು. ಯಾಕೆಂದು ಒಮ್ಮೆ ಕೇಳಿದ್ದಕ್ಕೆ, "ಪಂಚಾಯ್ತಿಯೋರಿಗೂ ಅರ್ಥ ಆಗ್ಲಿ ಅಂತ" ಎಂದಿದ್ದಳು. ಹಾಗಾಗಿ ಊರಿನ ಬಹಳ ಜನ ಅವಳ ಬಾಯಿಂದ ತೆಲುಗು ಕೇಳಿಯೇ ಇಲ್ಲ.

ನಮ್ಮದು ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಕಾಲನ್ನು ಅದರಲ್ಲಿ ಇಳಿಬಿಟ್ಟು, ನೆಲದ ಮಟ್ಟಕ್ಕೇ ಕೂತು ನೇಯಬೇಕು. ಮನೆಗೆ ಯಾರೇ ಬರಲಿ, ಕೂತವಳ ಕಣ್ಣಿಗೆ ಮೊದಲು ಬೀಳುವುದು ಅವರ ಮೊಣಕಾಲು. ಬೇರೆ ಹೆಂಗಸರು ತಲೆ ಎತ್ತಿ ಮಾತಾಡಿಸುತ್ತಾರೆ. ಅಕ್ಕ ಎತ್ತುತ್ತಿರಲಿಲ್ಲ. ಪಾದ ನೋಡಿಯೇ ಯಾರೆಂದು ತಿಳಿಯುತ್ತಿತ್ತು ಅವಳಿಗೆ. "ಕುಂತ್ಕಂಡು ಮಾತಾಡು. ಮ್ಯಾಕೆ ನೋಡಿ ಮಾತಾಡಕ್ಕೆ ನೀನೇನು ದೇವ್ರಾ?" ಎನ್ನುತ್ತಿದ್ದಳು. ಸೀರೆ ವ್ಯಾಪಾರಿ ಬಂದರೂ ಕುಕ್ಕುರುಗಾಲಲ್ಲಿ ಕೂರಬೇಕು, ನೆಂಟರು ಬಂದರೂ ಕೂರಬೇಕು.

ಚುನಾವಣೆಯ ಕಾಲದಲ್ಲಿ ಈಗಿನ ಅಧ್ಯಕ್ಷರು ಓಟು ಕೇಳಲು ಬಂದಿದ್ದರು. ಬಿಳಿ ಪ್ಯಾಂಟು ಹಾಕಿಕೊಂಡಿದ್ದರು. ಅಕ್ಕ ತಲೆ ಎತ್ತಲಿಲ್ಲ. ಅವರು ಸ್ವಲ್ಪ ಹೊತ್ತು ನಿಂತು, ಹಿಂದೆ ಬಂದವರ ಮುಖ ನೋಡಿ, ಕೊನೆಗೆ ನೆಲದ ಮೇಲೆ ಕೂತರು. ಅಕ್ಕ ನೂಲು ಸುತ್ತಿದ ಕಂಡಿಕೆಗಳ ಪುಟ್ಟಿಯನ್ನು ಅವರ ಕೈಗೆ ಕೊಟ್ಟಳು.

"ಸುಮ್ನೆ ಕುಂತಿದೀಯಲ್ಲ, ಇದು ಹಿಡ್ಕ. ಕೇಳ್ದಾಗ ಒಂದೊಂದು ಕೊಡು."

ಅಂಚಿನ ಒಂದು ಹೂವು ಮುಗಿಯುವ ತನಕ ಅವರು ಕಂಡಿಕೆ ಕೊಡುತ್ತ ಕೂತಿದ್ದರು. ಆಮೇಲೆ ಅಕ್ಕ, "ಓಟು ಹಾಕ್ತೀನಿ. ಬೀದಿ ಕೊನೆ ಜಾಗದಾಗೆ ಭವನ ಕಟ್ಸು" ಎಂದಳು. ಅವರು ನಗುತ್ತ ಆಗಲಿ ಎಂದರು. ಆ ನಗುವನ್ನು ನಾನು ನೋಡಿದ್ದೆ. ಭವನ ಅವರಿಗೆ ಮರೆತುಹೋಯಿತು, ಪುಟ್ಟಿ ಹಿಡಿದು ಕೂತದ್ದು ಮರೆಯಲಿಲ್ಲ.

ಅಕ್ಕನನ್ನು ರಾಯದುರ್ಗಕ್ಕೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಒಂದು ಕೈಚೀಲ ಹಿಡಿದು ವಾಪಸ್ಸು ಬಂದಳು. ಅವ್ವ ಅತ್ತು ಕಾರಣ ಕೇಳಿದಳು. "ಅಲ್ಲಿ ಮಗ್ಗದ ಗುಂಡಿಗೆ ಬೆಳಕಿಲ್ಲ" ಎಂದಳು ಅಕ್ಕ. ಅಷ್ಟೇ. ಸಾಯುವ ತನಕ ಬೇರೆ ಕಾರಣ ಹೇಳಲಿಲ್ಲ. ಆ ಗಂಡನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಬಯ್ಯುವುದಕ್ಕೂ ಅವನು ಲಾಯಕ್ಕಿಲ್ಲ ಎಂದು ಅವಳು ತೀರ್ಮಾನಿಸಿರಬೇಕು.

ನನ್ನ ಓದು ಆರನೇ ಕ್ಲಾಸಿಗೆ ನಿಂತಿತು. ನಾನು ಎಡಗೈಯವನು. ಮೇಷ್ಟ್ರು ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದರು, ನಾನು ಹೋಗುವುದನ್ನೇ ಬಿಟ್ಟೆ. ಆಮೇಲೆ ಏನಾದರೂ ಕಲಿತದ್ದಿದ್ದರೆ ಅಕ್ಕನಿಂದ. ಅವಳು ನನಗೆ ಎಳೆ ಕೆಚ್ಚುವುದನ್ನು ಕಲಿಸಿದಳು.

ಮಗ್ಗ ಕಾಣದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀರೆಯ ಉದ್ದಕ್ಕೆ ಓಡುವ ಎಳೆಗಳಿಗೆ ಹಾಸು ಎನ್ನುತ್ತೇವೆ. ಒಂದು ಹಾಸಿನಲ್ಲಿ ಮೂರು ಸೀರೆ ಬರುತ್ತವೆ. ಅದು ಮುಗಿಯುತ್ತ ಬಂದಾಗ ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೆ ಸೇರಿಸಬೇಕು. ಸಾವಿರಾರು ಎಳೆ, ಕೂದಲಿನಷ್ಟು ಸಣ್ಣವು. ಗಂಟು ಹಾಕುವ ಹಾಗಿಲ್ಲ, ಗಂಟು ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ಹಾಯುವುದಿಲ್ಲ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಎರಡು ತುದಿಗಳನ್ನು ಹಿಡಿದು ಹೊಸೆದರೆ ಅವು ಕೂಡಿಕೊಳ್ಳಬೇಕು. ಇದೇ ಕೆಚ್ಚುವುದು. ಆಮೇಲೆ ಹೊಸ ಹಾಸನ್ನು ಮುಂದಕ್ಕೆ ಎಳೆದಾಗ ಈ ಹೊಸೆದ ಭಾಗ ಹಣಿಗೆ ದಾಟಿ ಬರುತ್ತದೆ. ಅದನ್ನು ಕತ್ತರಿಸಿ ತೆಗೆದು ಕುಚ್ಚು ಕಟ್ಟುತ್ತೇವೆ. ನಮ್ಮ ಬೀದಿಯಲ್ಲಿ ಆ ಕುಚ್ಚನ್ನು ಬಿಸಾಡುವುದಿಲ್ಲ, ಮಗ್ಗದ ಕಂಬಕ್ಕೆ ಕಟ್ಟಿಡುತ್ತಾರೆ. ಇನ್ನೊಂದು ಮನೆಗೆ ಕೊಡುವುದೂ ಇಲ್ಲ.

ಹೊಸೆಯುವ ಕೈ ಒಬ್ಬೊಬ್ಬರದು ಒಂದೊಂದು ಥರ. ಅಕ್ಕ ಬೀದಿಯವರ ಕುಚ್ಚುಗಳನ್ನು ತೋರಿಸಿ ನನ್ನನ್ನು ಕೇಳುತ್ತಿದ್ದಳು, "ಇದು ಯಾರ ಕೈ?" ಪಕ್ಕದ ಮನೆಯ ತಿಪ್ಪಮ್ಮ ಬೂದಿಯ ಜೊತೆ ಎಂಜಲನ್ನೂ ಹಚ್ಚುತ್ತಾಳೆ, ಅವಳ ಹುರಿ ಕಪ್ಪಾಗಿರುತ್ತದೆ. ಓಬಕ್ಕ ತುದಿಯನ್ನು ಉದ್ದ ಬಿಡುತ್ತಾಳೆ. ಪಾಲಮ್ಮನ ಕೈ ಎಷ್ಟು ಬಿಗಿ ಎಂದರೆ ಎಳೆ ತನ್ನಷ್ಟಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ತಪ್ಪು ಹೇಳಿದರೆ ಅಕ್ಕ ಬೂದಿಯ ಬಟ್ಟಲನ್ನು ನನ್ನ ತಲೆಯ ಮೇಲೆ ಕವುಚುತ್ತಿದ್ದಳು. ನನ್ನ ಕೈಯನ್ನು ಮಾತ್ರ ಯಾರಾದರೂ ಹೇಳಬಹುದಿತ್ತು. ಎಡಗೈಯವನಾದ್ದರಿಂದ ನನ್ನ ಹುರಿ ಎಲ್ಲರದಕ್ಕೂ ತಿರುವುಮುರುವು ಸುತ್ತುತ್ತಿತ್ತು. "ಬೀದಿಯೆಲ್ಲ ಆ ಕಡೆ ಹೋದ್ರೆ ನೀನು ಈ ಕಡೆ ಹೋಗ್ತೀಯಾ" ಎಂದು ಅವಳು ಎಷ್ಟು ಸಲ ಬೈದಳೋ. ಆದರೂ ತಿದ್ದಲಾಗಲಿಲ್ಲ. ಹನ್ನೆರಡು ವರ್ಷ ನಾನು ಮನೆಮನೆಗೆ ಹೋಗಿ ಕೆಚ್ಚಿದೆ. ಬೀದಿಯ ಪ್ರತಿ ಕೈಯೂ ನನಗೆ ಮುಖದ ಹಾಗೆ ಗುರುತಾಯಿತು.

ಆಮೇಲೆ ಪಂಚಾಯ್ತಿಯಲ್ಲಿ ನೀರು ಬಿಡುವ ಕೆಲಸ ಸಿಕ್ಕಿತು. ಅಕ್ಕನಿಗೆ ಅದು ಸೇರಲಿಲ್ಲ. "ಬೆರಳ ಕೆಲ್ಸ ಬಿಟ್ಟು ತಿರುಪು ತಿರುಗ್ಸಕ್ಕೆ ಹೊಂಟ" ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು, ಕನ್ನಡದಲ್ಲಿ. ಅವ್ವ ಮಾತ್ರ, ಹೋಗುವ ಮುಂಚೆ ತನ್ನ ಹೊಸ ಹಾಸೊಂದನ್ನು ಕೆಚ್ಚಿಕೊಟ್ಟು ಹೋಗು ಎಂದಳು. ನೇರಳೆ ಬಣ್ಣದ ಹಾಸು. ನಾನು ಕೆಚ್ಚಿದ್ದರಲ್ಲಿ ಅದೇ ಕೊನೆಯದು. ಅವ್ವ ನೇಯ್ದಿದ್ದರಲ್ಲೂ ಅದೇ ಕೊನೆಯದು.

ಅವ್ವ ಸತ್ತದ್ದು ಜೋರು ಮಳೆಯ ದಿನ. ಹೊರಗೆ ಮಲಗಿಸುವ ಹಾಗಿರಲಿಲ್ಲ. ಒಳಗೆ ಮುಕ್ಕಾಲು ಜಾಗ ಮಗ್ಗದ್ದು, ಕಾಲು ಜಾಗ ಒಲೆಯದು. ನಾವು ಮಗ್ಗದ ಗುಂಡಿಯ ಮೇಲೆ ಎರಡು ಹಲಗೆ ಹಾಕಿ ಅದರ ಮೇಲೆ ಅವ್ವನನ್ನು ಮಲಗಿಸಿದೆವು. ಅರ್ಧ ನೇಯ್ದ ನೇರಳೆ ಸೀರೆ ತಲೆಯ ಹತ್ತಿರವೇ ಇತ್ತು. ಮಾಡು ಸೋರುತ್ತಿತ್ತು. ಸೀರೆ ವ್ಯಾಪಾರಿಯದು, ಕಲೆಯಾದರೆ ಯಾರು ಕೊಡುವುದು? ಅವ್ವನಿಗೆ ಹೊದಿಸಲು ತೆಗೆದಿದ್ದ ಬಟ್ಟೆಯನ್ನು ಅಕ್ಕ ಮೊದಲು ಸೀರೆಗೆ ಹೊದಿಸಿದಳು. ಬೀದಿಯವರು ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಮಳೆಯಲ್ಲಿ ಸಾಲಾಗಿ ನಿಂತಿದ್ದರು, ಒಬ್ಬರು ಹೊರಗೆ ಬಂದ ಮೇಲೆ ಇನ್ನೊಬ್ಬರು ಒಳಗೆ. ಅಕ್ಕ ಅಳಲಿಲ್ಲ. "ಹೆಣ ಇಡಕ್ಕೆ ಜಾಗ ಇಲ್ದ ಬೀದಿ ಇದು" ಎಂದಳು. ಅವಳ ಜಗಳ ಅಲ್ಲಿಂದ ಶುರುವಾಯಿತು.

ಬೀದಿಯ ಕೊನೆಗೆ ಪಂಚಾಯ್ತಿಯ ಖಾಲಿ ಜಾಗ ಇತ್ತು. ಮುಂಚೆ ಹೊಸ ಹಾಸನ್ನು ಬೀದಿಯಲ್ಲೇ ಉದ್ದಕ್ಕೆ ಎಳೆದು ಕಟ್ಟಿ ಹದ ಮಾಡುತ್ತಿದ್ದೆವು. ಕಾಂಕ್ರೀಟ್ ರಸ್ತೆ ಬಂದ ಮೇಲೆ ಬೈಕುಗಳು ಹೆಚ್ಚಾದವು. ಒಮ್ಮೆ ಒಬ್ಬ ಬೈಕಿನವನು ಪಾಲಮ್ಮನ ಹಾಸನ್ನೇ ಹರಿದುಕೊಂಡು ಹೋದ. ಅಕ್ಕ ಕೇಳಿದ್ದು ಆ ಖಾಲಿ ಜಾಗದಲ್ಲಿ ಒಂದು ಉದ್ದನೆಯ ಭವನ. ಹಾಸು ಎಳೆಯಲು, ಹೆಂಗಸರು ಬೆಳಕಿನಲ್ಲಿ ಕೂತು ಕೆಚ್ಚಲು, ಮಗ್ಗದ ಸದ್ದಿಲ್ಲದೆ ಮಕ್ಕಳು ಓದಲು, ಒಂದು ದಿನ ತೊಟ್ಟಿಲು ಕಟ್ಟಲು, ಒಂದು ದಿನ ಹೆಣ ಇಡಲು. ಪಂಚಾಯ್ತಿಯವರಿಗೆ ಬೇಕಾಗಿದ್ದು ಆ ಜಾಗದಲ್ಲಿ ಮಳಿಗೆಗಳು, ಹರಾಜು ಹಾಕಿ ಬಾಡಿಗೆಗೆ ಕೊಡುವುದಕ್ಕೆ.

ನನ್ನ ಹೆಂಡತಿಯ ತಮ್ಮನ ಮದುವೆ ಚಳ್ಳಕೆರೆಯ ಒಂದು ದೊಡ್ಡ ಮಂಟಪದಲ್ಲಿ ನಡೆಯಿತು. ಮುಹೂರ್ತದ ಹೊತ್ತು. ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದೇವೆ, ಅಕ್ಕ ಮಾತ್ರ ಬಾಗಿಲಿಂದ ಗೋಡೆಯ ಕಡೆಗೆ ನೆಟ್ಟಗೆ ಹೆಜ್ಜೆ ಹಾಕುತ್ತಿದ್ದಾಳೆ. ಅಡ್ಡ ಬಂದ ಕುರ್ಚಿಗಳನ್ನು ಎಬ್ಬಿಸುತ್ತಿದ್ದಾಳೆ, ಕೂತವರ ಸಮೇತ. ಮಂಟಪ ನೋಡಿಕೊಳ್ಳುವವನು ಓಡಿಬಂದ.

"ಏನಮ್ಮ, ಏನ್ ಕಳ್ಕಂಡಿದೀರಿ?"

"ಕಳ್ಕಂಡಿಲ್ಲಪ್ಪ, ಅಳೀತಿದೀನಿ. ಮೂವತ್ತು ಹೆಜ್ಜೆ ಐತೆ, ಹಾಸು ಎಳಿಯಕ್ಕೆ ಸರಿಹೋಗ್ತೈತೆ. ಆದ್ರೆ ಈ ಕಂಬ ಯಾಕ್ ಹಾಕ್ಸಿದ್ರಿ ಮಧ್ಯಕ್ಕೆ?"

"ಇದು ಮದ್ವೆ ಮಾಡೋ ಜಾಗ ಕಣಮ್ಮ."

"ಮದ್ವೆ ಇಲ್ದ ದಿನ ಏನ್ಮಾಡ್ತೀರಿ? ಬೀಗ ಹಾಕ್ಕಂಡು ಹೊರಗೆ ಕುಂತ್ಕಂತೀರಾ?"

ಸುತ್ತ ಇದ್ದವರು ನಕ್ಕರು. ನನ್ನ ಹೆಂಡತಿಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತಂತೆ. ಬಸ್ಸಿನಲ್ಲಿ ಬರುವಾಗ ನಾನು, "ಮಾನ ಕಳೀತೀಯಲ್ಲಕ್ಕ" ಎಂದೆ. ಅಕ್ಕ ಕಿಟಕಿಯಾಚೆ ನೋಡುತ್ತ, "ಕಂಬ ಇಲ್ದಂಗೆ ಕಟ್ಸಬೇಕು" ಎಂದಳು. ನನ್ನ ಮಾತು ಅವಳ ಕಿವಿಗೇ ಬಿದ್ದಿರಲಿಲ್ಲ.

ಮೊದಲ ಸಲ ಬೀದಿಯವರು ಕಾಗದದ ಮೇಲೇ ಅರ್ಜಿ ಕೊಟ್ಟಿದ್ದರು. ಆಗಿನ ಒಬ್ಬ ಮೆಂಬರು ಬಂದು, ಬರೆಯುವುದನ್ನು ಆಮೇಲೆ ಬರೆಸೋಣ, ಮೊದಲು ಸಹಿ ಹಾಕಿ ಎಂದು ಖಾಲಿ ಹಾಳೆಗೆ ಹೆಬ್ಬೆಟ್ಟು, ಸಹಿ ಎಲ್ಲ ತಗೊಂಡು ಹೋದ. ಆಮೇಲೆ ನೋಡಿದರೆ, ಆ ಸಹಿಗಳ ಮೇಲೆ "ಮಳಿಗೆ ಕಟ್ಟಲು ನಮ್ಮ ಅಭ್ಯಂತರ ಇರುವುದಿಲ್ಲ" ಎಂದು ಬರೆದಿತ್ತು. ಆ ದಿನ ಬೀದಿಯ ಹೆಂಗಸರು ಗೌರಸಮುದ್ರದ ಮಾರಮ್ಮನ ಮೇಲೆ ಆಣೆ ಮಾಡಿದರು, ಇನ್ನು ಪಂಚಾಯ್ತಿಯ ಯಾವ ಕಾಗದಕ್ಕೂ ಕೈ ಮುಟ್ಟಿಸುವುದಿಲ್ಲ ಎಂದು. ಹಾಗಾದರೆ ಅರ್ಜಿ ಕೊಡುವುದು ಹೇಗೆ? ಅಕ್ಕ ಉಪಾಯ ಮಾಡಿದಳು. "ಸಹಿ ಕದೀಬೋದು. ಕೈ ಕದಿಯಕ್ಕಾಗಲ್ಲ. ನಿಮ್ಮ ನಿಮ್ಮ ಮಗ್ಗದ ಕುಚ್ಚಿನಿಂದ ಒಂದು ಹಿಡಿ ಎಳೆ ಕೊಡ್ರಿ" ಎಂದಳು. ಒಬ್ಬರ ಮನೆಯದನ್ನು ಇನ್ನೊಬ್ಬರಿಗೆ ಕೊಡದವರು, ಎಲ್ಲರೂ ಕೊಟ್ಟರು.

ಮದುವೆಯಾದ ಮೇಲೆ ನಾನು ಬೇರೆ ಬೀದಿಯಲ್ಲಿ ಮನೆ ಮಾಡಿದ್ದೆ. ಸಭೆಯ ಹಿಂದಿನ ದಿನ ನಾನು ನೇಕಾರರ ಬೀದಿಯ ವಾಲ್ವು ತಿರುಗಿಸುತ್ತಿದ್ದಾಗ ಅವಳು ಬಂದು ನಿಂತಳು.

"ನಾಳೆ ಹುರಿ ತಗಂಡು ಬರ್ತೀನಿ. ಯಾರ್ದು ಯಾವ್ದು ಅಂತ ಕೇಳಿದ್ರೆ ನೀನು ಹೇಳ್ಬೇಕು."

"ಅಕ್ಕ, ನಾಳೆ ಸಭೇಲಿ ನನ್ನ ಖಾಯಂ ಮಾಡೋ ವಿಷ್ಯನೂ ಐತೆ. ನನ್ನ ಯಾಕೆ ನಡುವೆ ಎಳೀತೀಯಾ?"

"ನಿನ್ನ ಎಳೆ ಕೇಳಿದ್ನಾ? ನಿನಗೆ ಮಗ್ಗನೇ ಇಲ್ಲ, ನಿನ್ನ ಎಳೆ ಯಾರಿಗೆ ಬೇಕು? ಕೇಳಿದ್ರೆ ಇದ್ದಿದ್ದು ಇದ್ದಂಗೆ ಹೇಳು, ಸಾಕು. ಅಷ್ಟೂ ಆಗಲ್ವಾ?"

"ನೋಡನ" ಎಂದೆ.

"ನೋಡೋದಲ್ಲ. ಹೇಳೋದು" ಎಂದು ಹೊರಟುಹೋದಳು.

ಮಾರನೆಯ ದಿನ ಸಭೆಯಲ್ಲಿ ನಾನು ಎಲ್ಲರಿಗೂ ನೀರಿನ ಲೋಟ ಇಟ್ಟು ಬಾಗಿಲ ಹತ್ತಿರ ನಿಂತಿದ್ದೆ. ಅಕ್ಕ ಒಬ್ಬಳೇ ಒಳಗೆ ಬಂದಳು, ಒಬ್ಬರೇ ಬರಬೇಕೆಂದು ಬೀದಿಯ ಹೆಂಗಸರನ್ನು ಹೊರಗೇ ನಿಲ್ಲಿಸಿದ್ದರು. ಮೊಳದುದ್ದದ ಹುರಿಯನ್ನು ಮೇಜಿನ ಮೇಲೆ ಇಟ್ಟಳು.

"ಏನಮ್ಮ ಇದು, ಅರ್ಜಿ ತಗಂಬಾ ಅಂದ್ರೆ ಉಡದಾರ ತಂದಿದೀಯಾ?" ಎಂದರು ಅಧ್ಯಕ್ಷರು.

"ಉಡದಾರ ಇಲ್ದೋರು ಕಟ್ಕಬೋದು" ಎಂದಳು ಅಕ್ಕ.

ಪಿಡಿಒ ಸಾಹೇಬರು ಹುರಿಯನ್ನು ಎತ್ತಿ ಹಿಡಿದು, ತುದಿಯಲ್ಲಿ ಜೋತಾಡುತ್ತಿದ್ದ ಕುಚ್ಚುಗಳನ್ನು ಪೆನ್ನಿನಿಂದ ಬಿಡಿಸಿ ಎಣಿಸಿದರು.

"ಇಪ್ಪತ್ನಾಲ್ಕು ಐತೆ. ನಿಮ್ಮ ಬೀದೀಲಿ ಮಗ್ಗ ಎಷ್ಟಮ್ಮ?"

"ಇಪ್ಪತ್ಮೂರು."

"ಮತ್ತೆ ಇದೊಂದು ಎಲ್ಲಿಂದ ಬಂತು?"

"ಅದೂ ನಮ್ಮ ಬೀದೀದೇ."

"ಇಲ್ದಿರೋ ಮಗ್ಗದ್ದಾ? ಮನೇಲಿ ಕುಂತು ನೀನೊಬ್ಳೇ ಹೊಸ್ಕಂಡು ಬಂದಿದೀಯ ಅಂತ ಇದ್ರಲ್ಲೇ ಗೊತ್ತಾಗ್ತೈತಲ್ಲಮ್ಮ."

"ಎಣಿಸಿದ್ರೆ ಗೊತ್ತಾಗಲ್ಲ, ನೋಡಿದ್ರೆ ಗೊತ್ತಾಗ್ತೈತೆ. ಅಗೋ, ಬಾಗ್ಲತ್ರ ನಿಂತವನಲ್ಲ, ಅವನ್ನ ಕೇಳ್ರಿ. ಮನೆಮನೆ ಕೈನೂ ಬಲ್ಲ ಅವನು."

ಎಲ್ಲರೂ ನನ್ನ ಕಡೆ ತಿರುಗಿದರು. ಅಧ್ಯಕ್ಷರ ದನಿ ಬಹಳ ಮೆತ್ತಗಿತ್ತು. "ಏನಪ್ಪಾ, ಗೊತ್ತೈತಾ? ನಿನ್ನ ವಿಷ್ಯನೂ ಇವತ್ತೇ ಐತೆ. ಯೋಚ್ನೆ ಮಾಡಿ ಹೇಳು."

ಯೋಚನೆ ಮಾಡುವುದಕ್ಕೆ ಏನೂ ಇರಲಿಲ್ಲ. ಬಾಗಿಲಿಂದಲೇ ನನಗೆ ತಿಪ್ಪಮ್ಮನ ಕಪ್ಪು ಹುರಿ ಕಾಣುತ್ತಿತ್ತು, ಓಬಕ್ಕನ ಉದ್ದ ತುದಿಗಳು ಕಾಣುತ್ತಿದ್ದವು. 'ಲೆಕ್ಕದಲ್ಲಿ ಒಂದು ಹೆಚ್ಚಿದೆಯಲ್ಲ, ಅಕ್ಕ ಎಲ್ಲೋ ಹಟಕ್ಕೆ ಒಂದು ಸೇರಿಸಿರಬೇಕು' ಎಂದು ಮನಸ್ಸಿನಲ್ಲಿ ಒಂದು ನೆಪ ಹುಡುಕಿಕೊಂಡೆ. ಹತ್ತಿರ ಹೋಗಿ ನೋಡಬಹುದಿತ್ತು. ಹೋಗಲಿಲ್ಲ.

"ಗೊತ್ತಿಲ್ಲ ಸಾರ್. ಕಸುಬು ಬಿಟ್ಟು ಬಾಳ ದಿನ ಆತು" ಎಂದೆ.

ಯಾರನ್ನೂ ತಲೆ ಎತ್ತಿ ನೋಡದ ಅಕ್ಕ ಅವತ್ತು ತಲೆ ಎತ್ತಿ ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಹುರಿಯನ್ನು ಎತ್ತಿ ಸೆರಗಿನ ತುದಿಗೆ ಕಟ್ಟಿಕೊಂಡಳು. "ಹೊತ್ತಾತು. ಹೋಗು, ನೀರು ಬಿಡು" ಎಂದಳು. ನನ್ನ ಜೊತೆ ಅವಳು ಆಡಿದ ಕೊನೆಯ ಮಾತು ಅದು.

ನನ್ನ ಖಾಯಂ ವಿಷಯ ಮುಂದಿನ ಸಭೆಗೆ ಹೋಯಿತು. ಆ ಮುಂದಿನ ಸಭೆ ಇನ್ನೂ ಬಂದಿಲ್ಲ.

ಆಮೇಲೆ ಎರಡು ವರ್ಷ ಅವಳು ನಾನು ಬಿಟ್ಟ ನೀರು ಕುಡಿಯಲಿಲ್ಲ. ಬೀದಿಯಲ್ಲಿ ನಲ್ಲಿ ಬರುವಾಗ ಬಿಂದಿಗೆ ಎತ್ತಿಕೊಂಡು, ಗುಂಡಿಮಗ್ಗ ತುಳಿದು ಸೊಟ್ಟಗಾದ ಕಾಲನ್ನು ಎಳೆಯುತ್ತ, ಊರಾಚೆಯ ಕೈಪಂಪಿಗೆ ಹೋಗುತ್ತಿದ್ದಳು. ಬೇಕೆಂದೇ ನಾನು ವಾಲ್ವು ತಿರುಗಿಸುವ ಜಾಗದ ಮುಂದೆಯೇ ಹಾದುಹೋಗುತ್ತಿದ್ದಳು. ಬೀದಿಯವರಿಗೂ ನಾನು ಬೇಡವಾದೆ. ನಾನು ಹೋದರೆ ಮಾತು ನಿಲ್ಲುತ್ತಿತ್ತು, ಮಗ್ಗದ ಸದ್ದು ಜೋರಾಗುತ್ತಿತ್ತು. ನನಗೂ ಸಿಟ್ಟು ಬಂತು. ಒಂದು ವಾರ ಆ ಬೀದಿಗೆ ಹತ್ತು ನಿಮಿಷ ಕಡಿಮೆ ನೀರು ಬಿಟ್ಟೆ. ಯಾರೂ ಕೇಳಲು ಬರಲಿಲ್ಲ. ಕೇಳಲು ಸಹ ಬಾರದಷ್ಟು ನನ್ನನ್ನು ತೆಗೆದುಹಾಕಿದ್ದರು. ಎಂಟನೇ ದಿನ ನಾನೇ ಸರಿಯಾಗಿ ಬಿಟ್ಟೆ. ನನ್ನ ಹೆಂಡತಿ ಒಮ್ಮೆ ಹಬ್ಬದ ಹೋಳಿಗೆ ತಗೊಂಡು ಹೋದಳು. ಅಕ್ಕ ಅವಳಿಗೆ ಕೂರಲು ಹೇಳಿ, ನೀರು ಕೊಟ್ಟು, ಹೋಳಿಗೆಯ ಡಬ್ಬಿಯನ್ನು ಮುಚ್ಚಳ ತೆಗೆಯದೆ ವಾಪಸ್ಸು ಕೊಟ್ಟಳಂತೆ.

ಸಾವಿನ ಸುದ್ದಿಯನ್ನು ನನಗೆ ಹೇಳಿಕಳಿಸಲಿಲ್ಲ. ನೀರು ಬಿಡಲು ಹೋದಾಗ ಬಾಗಿಲ ಮುಂದೆ ಜನ ಕಂಡು ತಿಳಿಯಿತು. ಮಗ್ಗದ ಮುಂದೆ ಕೂತವಳು ಹಾಗೇ ವಾಲಿದ್ದಳಂತೆ. ಆ ದಿನ ಮಳೆ ಇರಲಿಲ್ಲ, ಉರಿಬಿಸಿಲು. ಚರಂಡಿಗೆಂದು ಬೀದಿಯನ್ನು ಅಗೆದುಹಾಕಿದ್ದರು, ಹೊರಗೆ ಚಪ್ಪರ ಹಾಕಲು ಜಾಗವಿಲ್ಲ. ಒಳಗೆ ಹೋದೆ. ಗುಂಡಿಯ ಮೇಲೆ ಅವೇ ಎರಡು ಹಲಗೆ. ಅದರ ಮೇಲೆ ಅಕ್ಕ.

ನಾನು ಅಲ್ಲೇ ತಪ್ಪೊಪ್ಪಿಕೊಳ್ಳಬಹುದಿತ್ತು. ಬಾಯಿ ತೆಗೆದೆ. ಆದರೆ ತಿರುಗಿ ಬೈಯಲಾರದವಳ ಮುಂದೆ ತಪ್ಪಾಯಿತು ಎನ್ನುವುದು ಬಹಳ ಸುಲಭ ಎನ್ನಿಸಿತು. ಮುಚ್ಚಿಕೊಂಡೆ. ಹೊರಡುವಾಗ ತಿಪ್ಪಮ್ಮ ಮಗ್ಗದ ಕಂಬದಿಂದ ಏನನ್ನೋ ಬಿಚ್ಚಿ ನನ್ನ ಕೈಗೆ ತುರುಕಿದಳು. ಅದೇ ಹುರಿ.

"ನಿಂಗೆ ಕೊಡು ಅಂತ ಅವಳೇನು ಹೇಳಿಲ್ಲ. ನಾನೇ ಕೊಡ್ತಿದೀನಿ. ನೋಡ್ಕಂಡು ಸಾಯಿ" ಎಂದಳು.

ಮನೆಗೆ ತಂದು ಪೆಟ್ಟಿಗೆಯಲ್ಲಿ ಹಾಕಿದೆ. ನೋಡುವ ಧೈರ್ಯ ಆಗಲಿಲ್ಲ.

ಕಳೆದ ತಿಂಗಳು ಸಭೆಯ ನೋಟೀಸು ಹಂಚಲು ನನ್ನ ಕೈಗೇ ಕೊಟ್ಟರು. ಬೀದಿಯ ಕೊನೆಯ ಜಾಗದಲ್ಲಿ ಮಳಿಗೆ ಕಟ್ಟುವ ತೀರ್ಮಾನ ಅದರಲ್ಲಿತ್ತು. ಓದಿಕೊಂಡು ನೆಟ್ಟಗೆ ತಿಪ್ಪಮ್ಮನ ಮನೆಗೆ ಹೋದೆ. ಅವಳು ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದಳು. ನಾನು ನೆಲದ ಮೇಲೆ ಕೂತೆ.

"ನಾಳೆ ಎಲ್ರೂ ಸಭೆಗೆ ಬರ್ರಿ ಚಿಕ್ಕಮ್ಮ."

"ಯಾಕೆ? ಗೊತ್ತಿಲ್ಲ ಅನ್ನೋದು ಇನ್ನೊಂದ್ಸಲ ಕೇಳಕ್ಕಾ?"

ನೋಟೀಸನ್ನು ಅವಳ ಮುಂದೆ ಇಟ್ಟು ಎದ್ದು ಬಂದೆ. ಆದರೂ ಮಾರನೆಯ ದಿನ ಅವರು ಬಂದರು, ಎಂಟು ಹತ್ತು ಹೆಂಗಸರು. ಬಾಗಿಲಲ್ಲಿ ನಿಂತರು. ಒಬ್ಬಳೂ ನನ್ನ ಮುಖ ನೋಡಲಿಲ್ಲ.

ಮಳಿಗೆಯ ವಿಷಯ ಬಂದಾಗ ನಾನು ನೀರಿನ ತಟ್ಟೆ ಕೆಳಗಿಟ್ಟು ಮುಂದೆ ಹೋಗಿ, ಹುರಿಯನ್ನು ಮೇಜಿನ ಮೇಲೆ ಇಟ್ಟೆ. "ಮತ್ತೆ ಬಂತಾ ಇದು?" ಎಂದರು ಅಧ್ಯಕ್ಷರು. "ಲೇ, ನಿನ್ನ ಕೆಲ್ಸ ನೀರು ಕೊಡೋದು. ಹೋಗಿ ನಿಂತ್ಕ."

"ಯಾರ ಎಳೆ ಯಾವ್ದು ಅಂತ ಅವತ್ತು ಕೇಳಿದ್ರಿ. ಇವತ್ತು ಹೇಳ್ತೀನಿ" ಎಂದೆ. ಹುರಿಯ ತಲೆ ಬಿಚ್ಚಿ, ಹೊರಗಿನ ಎಳೆಗಳಿಂದ ಶುರುಮಾಡಿದೆ. "ಇದು ತಿಪ್ಪಮ್ಮಂದು, ಎಂಜಲು ಹಚ್ಚಿ ಕೆಚ್ತಾಳೆ, ಕಪ್ಪು ನೋಡ್ರಿ. ಇದು ಓಬಕ್ಕಂದು, ತುದಿ ಉದ್ದ. ಇದು ಪಾಲಮ್ಮಂದು, ಸುರುಳಿ ಸುತ್ತೈತೆ."

"ನೀನು ಹೇಳಿದ್ದೇ ಸತ್ಯ ಅಂತ ಹೆಂಗೆ ನಂಬೋದು?" ಎಂದರು ಪಿಡಿಒ ಸಾಹೇಬರು.

ಬಾಗಿಲಲ್ಲಿದ್ದ ತಿಪ್ಪಮ್ಮ ಕೇಳದೇ ಒಳಗೆ ಬಂದಳು. ಕಪ್ಪು ಎಳೆಯನ್ನು ಬೆರಳಲ್ಲಿ ಮುಟ್ಟಿ, "ನಂದೇ" ಎಂದಳು. ಹಿಂದೆಯೇ ಓಬಕ್ಕ ಬಂದಳು. ನಾನು ಹೇಳುತ್ತ ಹೋದೆ, ಇದ್ದವರು ಬಂದು ಮುಟ್ಟುತ್ತ ಹೋದರು. ಬರದವರ ಮನೆಯದನ್ನು ಬಂದವರು ಹೌದೆಂದರು. ಇಪ್ಪತ್ತಮೂರು ಆಯಿತು. ಇಪ್ಪತ್ತಮೂರನೆಯದು ಅಕ್ಕನದೇ, ಕೆಂಪು, ಹುರಿ ಹೊಸೆದಿದ್ದು ಎಲ್ಲಿ ಎಂದು ಕಾಣದಷ್ಟು ನಯ.

ಅದನ್ನೂ ಬಿಡಿಸಿದ ಮೇಲೆ ನಡುವಿನಲ್ಲಿ ಒಂದು ಕುಚ್ಚು ಉಳಿಯಿತು. ಉಳಿದವೆಲ್ಲ ಅದರ ಸುತ್ತಲೇ ಸುತ್ತಿಕೊಂಡಿದ್ದವು. ನೇರಳೆ ಬಣ್ಣ. ಬೆಳಕಿಗೆ ಹಿಡಿದೆ. ಎಲ್ಲರ ಹುರಿ ಒಂದು ಕಡೆಗೆ ಸುತ್ತಿದ್ದರೆ ಇದು ಇನ್ನೊಂದು ಕಡೆಗೆ ಸುತ್ತಿತ್ತು.

"ಯಾಕೆ ನಿಲ್ಸಿದೆ? ಹೇಳು" ಎಂದರು ಪಿಡಿಒ ಸಾಹೇಬರು. "ಅದೇ ಇಪ್ಪತ್ನಾಲ್ಕನೇದು. ಇಲ್ದಿರೋ ಮಗ್ಗದ್ದು. ಯಾರ್ದದು?"

"ನಂದು ಸಾರ್."

ಅವ್ವನ ಕೊನೆಯ ಹಾಸು, ನಾನು ಕೆಚ್ಚಿದ್ದು ಎಂದು ತಿಪ್ಪಮ್ಮನೇ ಅವರಿಗೆ ಬಿಡಿಸಿ ಹೇಳಿದಳು. ನಿನ್ನ ಎಳೆ ಯಾರಿಗೆ ಬೇಕು ಎಂದು ವಾಲ್ವಿನ ಹತ್ತಿರ ಬೈಯುವಾಗಲೇ ಅಕ್ಕ ಇದನ್ನು ಹೊಸೆದು ಮುಗಿಸಿದ್ದಳು. ಅವಳನ್ನು ಸುಳ್ಳಿ ಎನ್ನಲು ಅವರಿಗೆ ಸಿಕ್ಕಿದ್ದು ಈ ಒಂದು ಹೆಚ್ಚಿನ ಎಳೆ. ನಾನು ನೆಪ ಮಾಡಿಕೊಂಡದ್ದೂ ಇದನ್ನೇ.

ಅಧ್ಯಕ್ಷರು ಲೋಟದ ನೀರು ಕುಡಿದು, ಬಾಗಿಲಲ್ಲಿ ತುಂಬಿದ್ದ ಹೆಂಗಸರನ್ನು ನೋಡಿ, "ಮಳಿಗೆ ವಿಷ್ಯ ಮುಂದಿನ ಸಭೆಗೆ ಇಡ್ರಿ" ಎಂದರು. ಅವರ ಮುಂದಿನ ಸಭೆ ಎಂದರೆ ಏನು ಎಂದು ನನಗೆ ಗೊತ್ತು. ಭವನ ಆಗುತ್ತದೆ ಎಂದು ನಾನು ಬರೆಯಲಾರೆ. ಆಮೇಲೆ ನನ್ನ ಕಡೆ ನೋಡಿ ಅಧ್ಯಕ್ಷರು, "ನಿನ್ನ ಫೈಲನ್ನೂ ನೋಡನ ಬಿಡು" ಎಂದರು, ಅವತ್ತಿನ ಅದೇ ಮೆತ್ತನೆಯ ದನಿಯಲ್ಲಿ.

"ಇನ್ನೇನಾದ್ರೂ ಐತಾ?" ಎಂದರು ನಡಾವಳಿ ಬರೆಯುತ್ತಿದ್ದ ಪಿಡಿಒ ಸಾಹೇಬರು.

"ಐತೆ ಸಾರ್. ಇದನ್ನೂ ಬರ್ಕಳ್ರಿ."

ತೆಲುಗಿನಲ್ಲಿ ಹೇಳಬಹುದಿತ್ತು. ಅಕ್ಕನಿಗೂ ನನಗೂ ಅದೇ ಹತ್ತಿರ. ಆದರೆ ಅಲ್ಲಿದ್ದವರಿಗೆಲ್ಲ ಅರ್ಥ ಆಗಲಿ ಎಂದು ಕನ್ನಡದಲ್ಲೇ ಹೇಳಿದೆ, ಬೀದಿಯ ಹೆಂಗಸರಿಗೂ ಕೇಳುವಷ್ಟು ಗಟ್ಟಿಯಾಗಿ.

"ಅಕ್ಕಾ, ನಂಗೆ ಗೊತ್ತಿತ್ತು. ಗೊತ್ತಿಲ್ಲ ಅಂದೆ. ತಪ್ಪಾತು."